ಕಡ್ಡಿಪೆಟ್ಟಿಗೆಯ ಜೀರಂಗಿ

ಸಾಕುಪ್ರಾಣಿ ಎಂದೊಡನೆ ವಾಚಕರ ಕಣ್ಣ ಮುಂದೆ ಆಕಳು, ನಾಯಿ, ಬೆಕ್ಕು, ಹೆಚ್ಚೆಂದರೆ ಪಂಜರದ ಗಿಳಿ ಬಂದು ನಿಲ್ಲುವುದು ಸಹಜ. ನಾನು ಚಿಕ್ಕಂದಿನಲ್ಲಿ ಸಾಕಿದ ಪ್ರಾಣಿಗೆ ಆರು ಕಾಲು, ಎರಡು ಮೀಸೆ, ಬೆನ್ನಿನ ಮೇಲೆ ಎರಡು ಗಟ್ಟಿ ರೆಕ್ಕೆ. ಅದರ ಮನೆ ಒಂದು ಖಾಲಿ ಕಡ್ಡಿಪೆಟ್ಟಿಗೆ. ಆಹಾರ ಒಂದು ಚಿಟಿಕೆ ಜಾಲಿಯ ಎಲೆ. ಬೆಲೆ, ನಮ್ಮ ಶಾಲೆಯ ಹಿತ್ತಿಲ ಪೇಟೆಯಲ್ಲಿ, ಎರಡು ಬಳಪದ ತುಂಡು ಅಥವಾ ಒಂದು ಗೋಲಿ. ರಾಯಚೂರು ಜಿಲ್ಲೆಯ ನಮ್ಮ ಮನೆಯಲ್ಲಿ ಅದನ್ನು ಜೀರಂಗಿ ಎನ್ನುತ್ತಿದ್ದೆವು. ಮೈಸೂರು ಸೀಮೆಯವರು ಜೀರ್ಜಿಂಬೆ ಎಂದಾರು. ತಮಿಳರು ಪೊನ್ವಂಡು, ಎಂದರೆ ಹೊನ್ನಿನ ದುಂಬಿ, ಎನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ಜೀರುಂಡೆ ಎಂಬ ಒಂದೇ ಮಾತು ಗಟ್ಟಿ ರೆಕ್ಕೆಯ ಕೀಟಗಳಿಗೆಲ್ಲ ಸಲ್ಲುತ್ತದೆ. ಮಲೆನಾಡಿನಲ್ಲಿಯಾದರೋ ಅದೇ ಮಾತಿಗೆ ಸಂಜೆಯ ಕಾಡನ್ನು ತನ್ನ ಕೂಗಿನಿಂದ ತುಂಬುವ ಬೇರೆಯೇ ಒಂದು ಕೀಟದ ಅರ್ಥವುಂಟು. ಹೆಸರಿನ ಗೊಂದಲ ಹಾಗಿರಲಿ. ಒಮ್ಮೆ ಅದನ್ನು ಅಂಗೈಯಲ್ಲಿ ಹಿಡಿದವರು ಮತ್ತೊಂದು ಹುಳುವನ್ನು ಕಂಡು ಅದೆಂದು ಭ್ರಮಿಸಲಾರರು.

ಹೆಬ್ಬೆಟ್ಟಿನ ಮೇಲಿನ ಗೆಣ್ಣಿಗಿಂತ ಸ್ವಲ್ಪ ಉದ್ದ, ಒಳ್ಳೆಯ ಹುಣಸೆಬೀಜದಷ್ಟು ನುಣುಪು. ನಮ್ಮಲ್ಲಿ ಎರಡು ಬಗೆಯವು ಕಾಣುತ್ತಿದ್ದವು. ಒಂದಕ್ಕೆ ಬೆನ್ನು ಹುಣಸೆಬೀಜದ್ದೇ ಬಣ್ಣ, ಕತ್ತು ಮಾತ್ರ ಮಿರಿಮಿರಿ ಮಿಂಚುವ ಹಸಿರು. ಇನ್ನೊಂದಕ್ಕೆ ಮೈಯೆಲ್ಲ ಹಸಿರು, ಅದರ ಮೇಲೆ ಅಲ್ಲಲ್ಲಿ ಬೆಳ್ಳಗಿನ ಚುಕ್ಕೆ. ಆ ಹಸಿರನ್ನು ಯಾವುದಕ್ಕೆ ಹೋಲಿಸಲಿ? ನವಿಲಿನ ಕತ್ತನ್ನು ನೆನೆಯಬಹುದು. ಆದರೆ ನವಿಲು ಕೈಗೆ ಸಿಕ್ಕುವುದಿಲ್ಲ, ಇದು ಸಿಕ್ಕುತ್ತಿತ್ತು. ಬಡವರ ಮಕ್ಕಳ ಕೈಗೆ ದೇವರು ಕೊಟ್ಟ ಪಚ್ಚೆಯ ಹರಳು ಅದು.

ಮುಂಗಾರಿನ ಹದಮಳೆ ಬಿದ್ದು ಕೆಲವು ದಿನ ಕಳೆದ ಮೇಲೆ, ಜಾಲಿಯ ಗಿಡ ಹೊಸ ಎಲೆ ಚಿಗುರಿಸುವ ಹೊತ್ತಿಗೆ ಸರಿಯಾಗಿ ಜೀರಂಗಿಗಳು ಕಾಣಿಸಿಕೊಳ್ಳುತ್ತಿದ್ದವು. ಎಲ್ಲಿಂದ ಬಂದವು ಎಂದು ನಾವು ಕೇಳಿದವರಲ್ಲ. ಮಳೆಯೊಡನೆ ಆಕಾಶದಿಂದ ಬೀಳುತ್ತವೆಂದು ನನ್ನ ಗೆಳೆಯನೊಬ್ಬ ಸಾಧಿಸುತ್ತಿದ್ದ. ಅವನ ಮಾತನ್ನು ಅಲ್ಲಗಳೆಯಲು ನಮ್ಮಲ್ಲಿ ಪುರಾವೆ ಇರಲಿಲ್ಲ. ಬೇಟೆಗೆ ಬೆಳಗಿನ ಹೊತ್ತೇ ಪ್ರಶಸ್ತ. ಬಿಸಿಲೇರಿದ ಮೇಲೆ ಅವು ಜುಂಯ್ ಎಂದು ಹಾರಿಬಿಡುತ್ತವೆ. ತಂಪಿನ ಹೊತ್ತಿನಲ್ಲಿ ಕೊಂಬೆಯನ್ನು ಒಮ್ಮೆ ಅಲುಗಿಸಿದರೆ ಸಾಕು, ಕಾಲುಗಳನ್ನೆಲ್ಲ ಹೊಟ್ಟೆಗೆ ಮಡಚಿಕೊಂಡು ಟಪ್ಪೆಂದು ನೆಲಕ್ಕೆ ಬಿದ್ದು ಸತ್ತಂತೆ ಮಲಗುತ್ತವೆ. ಹಕ್ಕಿಯ ಕಣ್ಣಿಗೆ ಮಣ್ಣೆರಚುವ ಉಪಾಯವದು. ಬಾಲಕರ ಮುಂದೆ ಆ ಉಪಾಯ ಫಲಿಸುತ್ತಿರಲಿಲ್ಲ. ಸತ್ತದ್ದನ್ನೇ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆವು.

ಆಮೇಲಿನದು ಸಾಕುವ ಶಾಸ್ತ್ರ. ಕಡ್ಡಿಪೆಟ್ಟಿಗೆಗೆ ಜಾಲಿಯ ಮುಳ್ಳಿನಿಂದಲೇ ಐದಾರು ತೂತು ಹಾಕಬೇಕು. ಇಲ್ಲವಾದರೆ ಉಸಿರು ಕಟ್ಟೀತು. ಎಲೆಯನ್ನು ದಿನವೂ ಬದಲಿಸಬೇಕು. ಒಣಗಿದ್ದನ್ನು ಅದು ಮುಟ್ಟದು. ಕತ್ತಿನ ಸಂದಿಗೆ ನೂಲಿನ ಎಳೆ ಕಟ್ಟಿ ಬಿಟ್ಟರೆ ತಲೆಯ ಸುತ್ತ ಗಿರಕಿ ಹೊಡೆಯುತ್ತ ಹಾಡುತ್ತದೆ. ಹಾಡು ಎಂದು ನಾವು ಕರೆದದ್ದು ಬಿಡಿಸಿಕೊಳ್ಳಲು ಅದು ಪಡುತ್ತಿದ್ದ ಶ್ರಮದ ಸದ್ದು ಎಂಬುದು ಆಗ ಹೊಳೆಯಲಿಲ್ಲ. ಎಷ್ಟೋ ಸಲ ನೂಲಿನ ಕೊನೆಯಲ್ಲಿ ಒಂದು ಕಾಲು ಮಾತ್ರ ಉಳಿಯುತ್ತಿತ್ತು. ಗಣಿತದ ತರಗತಿಯಲ್ಲಿ ಜೇಬಿನಿಂದ ಗರಗರ ಸದ್ದು ಕೇಳಿಬಂದು, ಹಲವರ ಅಂಗೈ ಕೆಂಪಾದದ್ದೂ ಉಂಟು.

ಒಂದು ದಿನ ನನ್ನ ಪೆಟ್ಟಿಗೆಯಲ್ಲಿ ಮೊಟ್ಟೆಗಳು ಕಂಡವು. ಸಜ್ಜೆಯ ಕಾಳಿಗಿಂತ ದಪ್ಪ, ಜೋಳದ ಕಾಳಿಗಿಂತ ಸಣ್ಣ, ಮಾಸಲು ಬಿಳಿಯ ಬಣ್ಣ. ಐದು ಇದ್ದವೆಂದು ನೆನಪು. ಆ ದಿನ ನನಗಾದ ಸಂಭ್ರಮವನ್ನು ಏನೆಂದು ವರ್ಣಿಸಲಿ! ಒಂದು ಐದಾಗಿ, ಐದು ಇಪ್ಪತ್ತೈದಾಗಿ, ಬರುವ ವರ್ಷದ ಹೊತ್ತಿಗೆ ಇಡೀ ಶಾಲೆಗೆ ಜೀರಂಗಿಯನ್ನು ನಾನೇ ಒದಗಿಸುವ ಸಾಹುಕಾರನಾಗುವೆನೆಂದು ಲೆಕ್ಕ ಹಾಕಿದೆ. ಕೋಳಿಯ ಮೊಟ್ಟೆಗೆ ಕಾವು ಬೇಕಷ್ಟೆ? ಇದಕ್ಕೂ ಬೇಕು ಎಂದು ಹತ್ತಿಯಲ್ಲಿ ಸುತ್ತಿ ಒಲೆಯ ಮೇಲಿನ ಗೂಡಿನಲ್ಲಿಟ್ಟೆ. ತಾಯಿ ಜೀರಂಗಿಯನ್ನೂ ಅದರ ಪಕ್ಕದಲ್ಲೇ ಇಟ್ಟೆ. ನಾಲ್ಕನೆಯ ದಿನ ಅದು ಕಾಲು ಮಡಚಿ ಮಲಗಿತ್ತು. ಎಂದಿನ ನಟನೆಯೆಂದು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕಾದೆ. ಈ ಸಲ ನಟನೆಯಾಗಿರಲಿಲ್ಲ. ಮೊಟ್ಟೆಗಳು ದಿನೇ ದಿನೇ ಸುಕ್ಕಿ, ಒಣಗಿ, ಕೊನೆಗೆ ಬೆರಳು ಮುಟ್ಟಿದರೆ ಪುಡಿಯಾಗುವಂತಾದವು.

ಅಳುತ್ತ ಕುಳಿತಿದ್ದ ನನ್ನನ್ನು ಅಜ್ಜಿ ಕೇಳಿದಳು: “ಯಾಕ ಅಳತಿ?” “ನಾ ಸಾಕಿದ ಜೀರಂಗಿ ಸತ್ತೋತು” ಎಂದೆ. ಅವಳು ಪೆಟ್ಟಿಗೆಯನ್ನು ತೆರೆದು ನೋಡಿ, ಮುಚ್ಚಿ, ನನ್ನ ಕೈಗೇ ಹಿಂದಕ್ಕೆ ಕೊಟ್ಟಳು. “ನೀ ಎಲ್ಲಿ ಸಾಕಿದ್ದಿ? ಇಟ್ಕೊಂಡಿದ್ದಿ, ಅಷ್ಟ” ಎಂದಳು. ಬಯ್ದದ್ದಲ್ಲ, ಅಂಗಡಿಯವನ ಲೆಕ್ಕದಲ್ಲಿ ತಪ್ಪು ಕಂಡವರು ಹೇಳುವ ರೀತಿಯಲ್ಲಿ ಹೇಳಿದಳು. ಎಪ್ಪತ್ತು ದಾಟಿದ ಈ ವಯಸ್ಸಿನಲ್ಲೂ ಆ ಮಾತು ನನ್ನೊಡನೆ ಇದೆ. ಮುಂದೆ ಈ ಹುಳುವಿನ ವಿಚಾರವಾಗಿ ನಾನು ಓದಿ ತಿಳಿದದ್ದೆಲ್ಲವೂ ಆ ಒಂದು ಮಾತಿನ ವ್ಯಾಖ್ಯಾನದಂತೆಯೇ ತೋರುತ್ತದೆ.

ನಮ್ಮ ಊರು ಸಿಂಧನೂರಿನ ಬಳಿ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯ ನಡುವೆ ಮಸ್ಕಿ. ಅದು ನನ್ನ ತಾಯಿಯ ತವರು. ನನ್ನ ಚಿಕ್ಕಂದಿನಲ್ಲಿ ಸಿಂಧನೂರಿನ ಸುತ್ತಣ ಎರೆಯ ಹೊಲಗಳಲ್ಲಿ ಬಿಳಿಜೋಳ, ಹತ್ತಿ, ಕುಸುಬೆ. ಹೊಲದ ಬದುವಿಗೆ ಕರಿಜಾಲಿಯ ಸಾಲು. ಆ ಮರದ ಕಾಯಿ ಆಡಿಗೆ, ಮುಳ್ಳು ಬೇಲಿಗೆ, ಅಂಟು ಮದ್ದಿಗೆ, ದಿಮ್ಮಿ ನೇಗಿಲಿಗೂ ಬಂಡಿಗೂ. ಜೀರಂಗಿ ಮಾತ್ರ ನಮಗೆ. ದೊಡ್ಡವರು ಅದರ ಲೆಕ್ಕವಿಡುತ್ತಿರಲಿಲ್ಲ.

ತುಂಗಭದ್ರೆಗೆ ಅಣೆಕಟ್ಟಾಗಿ 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. 200 ಕಿಲೋಮೀಟರಿಗೂ ಉದ್ದವಾದ ಎಡದಂಡೆಯ ಕಾಲುವೆ ಹಂತಹಂತವಾಗಿ ಮುಂದುವರಿದು, ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ ಅದರ ಒಂದು ಕವಲು ನಮ್ಮ ಹೊಲದ ತಲೆಗೂ ಬಂದಿತು. ಭತ್ತಕ್ಕೆ ಮಡಿ ಬೇಕು. ಮಡಿಗೆ ಸಮನಾದ ನೆಲ ಬೇಕು. ನಮ್ಮ ತಂದೆ ಬದುಗಳನ್ನು ಒಡೆಸಿದರು. ಹನ್ನೊಂದು ಜಾಲಿಯ ಮರಗಳು ಒಂದೇ ಬೇಸಿಗೆಯಲ್ಲಿ ಉರುಳಿದವು. ದಿಮ್ಮಿಗಳನ್ನು ಮಾರಿ ಬಂದ ಹಣದಿಂದ ನನ್ನ ಆ ವರ್ಷದ ಪುಸ್ತಕ, ಬಟ್ಟೆ, ವಿದ್ಯಾರ್ಥಿನಿಲಯದ ಖರ್ಚು ಸಾಗಿತು. ಮುಂದಿನ ವರ್ಷಗಳದನ್ನು ಭತ್ತ ನೋಡಿಕೊಂಡಿತು. ಜೋಳದ ಹೊಲ ನನ್ನನ್ನು ಉಪಾಧ್ಯಾಯನನ್ನಾಗಿ ಮಾಡುವಷ್ಟು ಶಕ್ತವಾಗಿರಲಿಲ್ಲ. ಈ ಮಾತನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಹಳೆಯದನ್ನೆಲ್ಲ ಹೊಗಳಿ ಹೊಸದನ್ನೆಲ್ಲ ಹಳಿಯುವ ಲೇಖನವೆಂದು ವಾಚಕರು ಇದನ್ನು ಎಣಿಸಬಾರದು. ಆದರೆ ಮರುವರ್ಷ ಮುಂಗಾರು ಬಂದಾಗ ನಮ್ಮ ಹೊಲದಲ್ಲಿ ಜೀರಂಗಿ ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ.

ಆಮೇಲೆ ಜೀರಂಗಿಗಾಗಿ ಮಸ್ಕಿಗೇ ಹೋಗಬೇಕಾಯಿತು. ಮಸ್ಕಿಯ ಗುಡ್ಡದ ಮಗ್ಗುಲಿನ ಕಲ್ಲುನೆಲದಲ್ಲಿ ಜಾಲಿ ಇನ್ನೂ ಉಳಿದಿದ್ದಿತು. ಸೋದರಮಾವ ನನ್ನನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿ ಅಶೋಕನ ಶಾಸನವನ್ನು ತೋರಿಸಿದರು. 1915ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರು ಚಿನ್ನದ ನಿಕ್ಷೇಪವನ್ನು ಅರಸುತ್ತ ಬಂದು ಈ ಬಂಡೆಯ ಮೇಲಿನ ಅಕ್ಷರಗಳನ್ನು ಕಂಡನು. ಅಲ್ಲಿಯ ತನಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ದೊರೆತಿದ್ದುವೇ ಹೊರತು, ಅವು ಯಾವ ಅರಸನವು ಎಂಬುದಕ್ಕೆ ಕಲ್ಲಿನ ಸಾಕ್ಷಿ ಇರಲಿಲ್ಲ. ಅಶೋಕ ಎಂಬ ಹೆಸರನ್ನು ಬಿರುದಿನೊಡನೆ ಕೊಟ್ಟು ಆ ಸಂದೇಹವನ್ನು ಕಳೆದದ್ದು ಮಸ್ಕಿಯ ಬಂಡೆ. ಚಿನ್ನ ಹುಡುಕಿದವನಿಗೆ ಅರಸನೇ ದೊರೆತಂತಾಯಿತು. ನನಗೆ ಅಂದು ಇದಾವುದೂ ರುಚಿಸಲಿಲ್ಲ. ಆದರೆ ಚಿನ್ನ ಎಂಬ ಒಂದು ಮಾತು ಕಿವಿಯಲ್ಲಿ ಉಳಿಯಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೆಲದಡಿಯಿಂದ ಚಿನ್ನ ತೆಗೆಯುತ್ತಾರೆಂದು ಕೇಳಿದ್ದೆ. ಚಿನ್ನ ನೆಲದೊಳಗಿನಿಂದ ಬರುವುದಾದರೆ, ಚಿನ್ನದಂತೆ ಮಿಂಚುವ ಹುಳುವೂ ನೆಲದೊಳಗಿನಿಂದಲೇ ಬರಬೇಕಲ್ಲವೇ ಎಂದು ಗೆಳೆಯನ ಆಕಾಶವಾದಕ್ಕೆ ಪ್ರತಿಯಾಗಿ ನಾನೊಂದು ಪಾತಾಳವಾದವನ್ನು ಹೂಡಿದೆ. ವಾದದ ಕಾರಣ ತಪ್ಪು. ತೀರ್ಮಾನ ಮಾತ್ರ ಸರಿಯಾಗಿತ್ತು. ಅದು ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು.

ಲಿಂಗಸುಗೂರಿನಲ್ಲಿ ಉಪಾಧ್ಯಾಯನಾಗಿದ್ದಾಗ ಫ್ರಾನ್ಸ್ ದೇಶದ ಜಾನ್ ಆನ್ರಿ ಫಾಬ್ರನ ಬರಹಗಳು ಕೈಗೆ ಬಂದವು. ಅವನೂ ಬಡ ಉಪಾಧ್ಯಾಯನೇ. 1823ರಲ್ಲಿ ಹುಟ್ಟಿದ ಈ ಮಹನೀಯ ಕೊನೆಯ ಮೂವತ್ತಾರು ವರ್ಷಗಳನ್ನು ಸೆರಿಞಾ ಎಂಬ ಹಳ್ಳಿಯ ಒಂದು ಕಲ್ಲುಭೂಮಿಯಲ್ಲಿ ಕೀಟಗಳ ಸಹವಾಸದಲ್ಲಿ ಕಳೆದು, ಹತ್ತು ಸಂಪುಟಗಳಷ್ಟು ಬರೆದು, 1915ರಲ್ಲಿ ತೀರಿಕೊಂಡನು. ಮಸ್ಕಿಯ ಬಂಡೆ ಬೆಳಕಿಗೆ ಬಂದ ವರ್ಷವೇ ಅದು. ಸಗಣಿಯುಂಡೆ ಉರುಳಿಸುವ ಜೀರುಂಡೆಗಳನ್ನು ಅವನು ಸಾಕಿದ್ದನು. ಸಾಕಿದ್ದು ಕಡ್ಡಿಪೆಟ್ಟಿಗೆಯಲ್ಲಲ್ಲ, ಮಣ್ಣು ತುಂಬಿದ ಕುಂಡಗಳಲ್ಲಿ, ಗಾಜಿನ ಪಾತ್ರೆಗಳಲ್ಲಿ. ಮೊದಲು ಹುಳು ಎಂಥ ನೆಲದಲ್ಲಿ ಬದುಕುತ್ತದೆ, ಏನು ತಿನ್ನುತ್ತದೆ, ಯಾವ ಋತುವಿನಲ್ಲಿ ಮೊಟ್ಟೆಯಿಡುತ್ತದೆ ಎಂದು ನೋಡುವುದು; ಆಮೇಲೆ ಆ ನೆಲದ ಒಂದು ತುಣುಕನ್ನೇ ಮನೆಗೆ ತಂದು ಅದರೊಳಗೆ ಹುಳುವನ್ನು ಬಿಡುವುದು. ಇದು ಅವನ ಕ್ರಮ. ಅಜ್ಜಿಯ ಮಾತಿನ ಅರ್ಥ ನನಗೆ ಮೊದಲ ಬಾರಿಗೆ ತೆರೆದುಕೊಂಡದ್ದು ಈ ಪುಟಗಳಲ್ಲಿ.

ಜೀರಂಗಿಯ ಜೀವನಕ್ರಮವೂ ಕ್ರಮೇಣ ತಿಳಿದುಬಂದಿತು. ವಿಜ್ಞಾನಿಗಳು ಇದನ್ನು ಸ್ಟರ್ನೊಸೆರಾ ಎಂಬ ಕುಲಕ್ಕೆ ಸೇರಿಸುತ್ತಾರೆ. ಇದರ ಬಳಗದ ಬಹುಪಾಲು ಜೀರುಂಡೆಗಳ ಮರಿಗಳು ಮರದೊಳಗೆ ಕೊರೆದುಕೊಂಡು ಬೆಳೆದರೆ, ಈ ಕುಲದವು ಮಣ್ಣಿನಲ್ಲಿ ಬೇರುಗಳನ್ನು ತಿನ್ನುತ್ತ ಬೆಳೆಯುತ್ತವೆ. ಹೆಣ್ಣು ಗಿಡದ ಬುಡದ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬರುವುದು ಕಾಲಿಲ್ಲದ, ಕಣ್ಣಿಲ್ಲದ ಒಂದು ಬಿಳಿಯ ಹುಳು. ಅದರಲ್ಲಿ ಪಚ್ಚೆಯ ಸುಳಿವೂ ಇರುವುದಿಲ್ಲ. ತಿಂಗಳುಗಟ್ಟಲೆ ಕತ್ತಲಲ್ಲಿ ಬೆಳೆದು, ಕೋಶಾವಸ್ಥೆಯನ್ನು ದಾಟಿ, ಮಳೆ ನೆಲವನ್ನು ಮೆತ್ತಗೆ ಮಾಡಿದಾಗ ಹೊರಗೆ ಬರುತ್ತದೆ. ಥಾಯ್ಲೆಂಡಿನ ಇದೇ ಕುಲದ ಜೀರಂಗಿಗೆ ಮೊಟ್ಟೆಯಿಂದ ರೆಕ್ಕೆಯ ತನಕ ಸುಮಾರು ಎರಡು ವರ್ಷ ಹಿಡಿಯುತ್ತದೆ. ರೆಕ್ಕೆ ಬಂದ ಮೇಲಿನ ಬಾಳು ಕೆಲವೇ ವಾರ. ನಾವು ಜೀರಂಗಿ ಎಂದು ಕರೆದದ್ದು ಅದರ ಬಾಳಿನ ಕೊನೆಯ ಹಬ್ಬವನ್ನು ಮಾತ್ರ. ಆ ಹಬ್ಬವನ್ನು ನಾವು ಕಡ್ಡಿಪೆಟ್ಟಿಗೆಯಲ್ಲಿ ಮುಚ್ಚಿದೆವು. ಮಣ್ಣನ್ನು ಹುಡುಕಿದ ತಾಯಿಗೆ ರಟ್ಟು ಸಿಕ್ಕಿತು. ತೇವವನ್ನು ಬೇಡಿದ ಮೊಟ್ಟೆಗೆ ಒಲೆಯ ಬಿಸಿ ಸಿಕ್ಕಿತು.

ಇಟ್ಟುಕೊಳ್ಳುವ ಆಸೆ ನಮ್ಮ ಊರಿನ ಬಾಲಕರದಷ್ಟೇ ಅಲ್ಲ. ಹದಿನೇಳನೆಯ ಶತಮಾನದಲ್ಲಿ ಹಿಮಾಲಯದ ತಪ್ಪಲಿನ ಬಸೋಹ್ಲಿಯ ಚಿತ್ರಕಾರರು ನಾಯಿಕೆಯ ಒಡವೆಗಳಲ್ಲಿ ಪಚ್ಚೆಯನ್ನು ಬರೆಯಬೇಕಾದ ಕಡೆ ಜೀರುಂಡೆಯ ರೆಕ್ಕೆಯ ಸಣ್ಣ ಚೂರುಗಳನ್ನೇ ಅಂಟಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಹೈದರಾಬಾದು, ಮದರಾಸುಗಳ ಕಸೂತಿಗಾರರು ತೆಳುವಾದ ಮಲ್ಮಲ್ಲಿನ ಮೇಲೆ ಜರಿಯೊಡನೆ ಈ ರೆಕ್ಕೆಗಳನ್ನು ಹೊಲಿದರು. ಆ ಬಟ್ಟೆ ಹಡಗೇರಿ ಯೂರೋಪಿಗೆ ಹೋಯಿತು. ನಮ್ಮ ರಾಯಚೂರು ಅಂದು ನಿಜಾಮರ ರಾಜ್ಯದಲ್ಲಿಯೇ ಇದ್ದಿತು. 1888ರಲ್ಲಿ ಲಂಡನ್ನಿನ ಲೈಸಿಯಂ ನಾಟಕಶಾಲೆಯಲ್ಲಿ ಎಲೆನ್ ಟೆರಿ ಮ್ಯಾಕ್‌ಬೆತ್‌ನ ರಾಣಿಯಾಗಿ ರಂಗಕ್ಕೆ ಬಂದಾಗ ಅವಳ ಉಡುಪಿನಲ್ಲಿ ಸುಮಾರು 1,000 ಜೀರುಂಡೆಯ ರೆಕ್ಕೆಗಳು ಹಾವಿನ ಹುರುಪೆಯಂತೆ ಮಿಂಚಿದವು. ಮರುವರ್ಷ ಸಾರ್ಜೆಂಟ್ ಎಂಬ ಚಿತ್ರಕಾರ ಅವಳನ್ನು ಆ ಉಡುಪಿನಲ್ಲಿಯೇ ಚಿತ್ರಿಸಿದನು. ಆ ಉಡುಪನ್ನು 2011ರಲ್ಲಿ ಜೀರ್ಣೋದ್ಧಾರ ಮಾಡಿ ಇಂದಿಗೂ ಕಾಪಾಡಿದ್ದಾರೆ. ಬ್ರಸೆಲ್ಸಿನ ಅರಮನೆಯ ಒಂದು ಸಭಾಂಗಣದ ಛಾವಣಿಗೆ 2002ರಲ್ಲಿ ಥಾಯ್ಲೆಂಡಿನ ಜೀರಂಗಿಯ ಹತ್ತು ಲಕ್ಷಕ್ಕೂ ಹೆಚ್ಚು ರೆಕ್ಕೆಗಳನ್ನು ಅಂಟಿಸಿದರಂತೆ.

ಹುಳು ಸತ್ತು ನೂರು ವರ್ಷವಾದರೂ ಆ ಹಸಿರು ಮಾಸದಿರುವುದಕ್ಕೆ ಕಾರಣವುಂಟು. ಅದು ಬಣ್ಣದ ದ್ರವ್ಯದಿಂದ ಆದದ್ದಲ್ಲ. ರೆಕ್ಕೆಯ ಮೇಲ್ಪೊರೆ ಅತ್ಯಂತ ತೆಳುವಾದ ಹಲವು ಪದರಗಳಿಂದ ರಚಿತವಾಗಿದೆ. ಆ ಪದರಗಳಿಂದ ಹಿಂದಿರುಗುವ ಬೆಳಕಿನ ಅಲೆಗಳು ಒಂದಕ್ಕೊಂದು ಕೂಡಿ ಕೆಲವು ಬಣ್ಣಗಳನ್ನು ಉಜ್ವಲಗೊಳಿಸುತ್ತವೆ, ಉಳಿದವನ್ನು ಅಳಿಸುತ್ತವೆ. ಸಾಬೂನಿನ ಗುಳ್ಳೆಯ ಮೇಲೆ ಕಾಣುವ ಬಣ್ಣಗಳ ಗುಟ್ಟೂ ಇದೇ ಬಗೆಯದು. ಇಷ್ಟು ಮಿಂಚುವ ಹುಳು ಹಕ್ಕಿಗಳ ಬಾಯಿಂದ ಹೇಗೆ ಉಳಿಯಿತು ಎಂಬ ಪ್ರಶ್ನೆಗೆ 2020ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಒಂದು ಉತ್ತರ ಕೊಟ್ಟರು. ಥಾಯ್ಲೆಂಡಿನ ಜೀರಂಗಿಯ ರೆಕ್ಕೆಗಳನ್ನೂ ಒಂದೇ ಬಣ್ಣ ಬಳಿದ ರೆಕ್ಕೆಗಳನ್ನೂ ಅವರು ಕಾಡಿನ ಎಲೆಗಳ ಮೇಲೆ ಇಟ್ಟು, ಅಡಿಯಲ್ಲಿ ಹುಳುವಿನ ಆಮಿಷವನ್ನಿರಿಸಿ ನೋಡಿದಾಗ, ನಿಜವಾದ ಮಿನುಗು ರೆಕ್ಕೆಗಳು ಹೆಚ್ಚು ಉಳಿದುಕೊಂಡವು. ಮನುಷ್ಯರಿಗೂ ಅವು ಬೇಗ ಕಾಣಲಿಲ್ಲ. ನೋಡುವ ಕೋನ ಬದಲಾದಂತೆಲ್ಲ ಬದಲಾಗುವ ಹೊಳಪು ಹುಳುವಿನ ಆಕಾರವನ್ನೇ ಒಡೆದು ಎಲೆಗಳ ನಡುವೆ ಕಳೆದುಹೋಗುವಂತೆ ಮಾಡುತ್ತದೆ. ಯಾವ ಮಿಂಚಿಗೆ ಮರುಳಾಗಿ ನಾವು ಅದನ್ನು ಗಿಡದಿಂದ ಕಿತ್ತೆವೋ ಆ ಮಿಂಚು ಅದಕ್ಕೆ ಗಿಡದೊಳಗೆ ಅಡಗಿಕೊಳ್ಳಲು ಬಂದದ್ದು. ಅಂಗೈಯ ಮೇಲೆ ಆಭರಣವಾದದ್ದು ಜಾಲಿಯ ಮೇಲೆ ಮರೆಯಾಗಿದ್ದಿತು.

ಹಾಗಾದರೆ ಜೀರುಂಡೆಗಳನ್ನು ಸಾಕಬಾರದೇ, ಸಾಕಿ ಸಂತತಿ ಬೆಳೆಸಲಾಗದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಬೆಳೆಸಬಹುದು, ಜಪಾನಿನ ಮನೆಮನೆಯಲ್ಲಿ ಬೆಳೆಸುತ್ತಾರೆ. ಅಲ್ಲಿ ಕಬುತೊಮುಶಿ ಎಂಬ ಕೊಂಬಿನ ಜೀರುಂಡೆ ಬೇಸಿಗೆ ರಜೆಯ ಮಕ್ಕಳ ಸಂಗಾತಿ. ಅಂಗಡಿಗಳಲ್ಲಿ ಹುಳುವನ್ನೂ, ಅದರ ತಿನಿಸನ್ನೂ, ಕೊಳೆತ ಎಲೆ ಮರಗಳ ಗೊಬ್ಬರವನ್ನೂ ಮಾರುತ್ತಾರೆ. ಹುಳು ಬೇಸಿಗೆಯಲ್ಲಿ ಆ ಗೊಬ್ಬರದೊಳಗೆ ಮೊಟ್ಟೆಯಿಡುತ್ತದೆ. ಮರಿ ಚಳಿಗಾಲವನ್ನು ಅದರೊಳಗೇ ಕಳೆದು ಮುಂದಿನ ಬೇಸಿಗೆಗೆ ಕೊಂಬು ಹೊತ್ತು ಬರುತ್ತದೆ. ಸಾಕುವ ಬಾಲಕ ವರ್ಷದ ಬಹುಭಾಗ ಸಾಕುವುದು ಕಾಣುವ ಹುಳುವನ್ನಲ್ಲ, ಒಂದು ಡಬ್ಬಿ ಗೊಬ್ಬರವನ್ನು. ಅದು ಒಣಗದಂತೆ, ಕೊಳೆಯದಂತೆ ನೋಡಿಕೊಳ್ಳುವುದೇ ಅವನ ವ್ರತ. ಅದೇ ಜಪಾನಿನಲ್ಲಿ ನಮ್ಮ ಜೀರಂಗಿಯ ದೂರದ ಬಂಧು ತಮಾಮುಶಿಯೂ ಇದೆ. ಹೋರ್ಯುಜಿ ದೇವಾಲಯದ ಏಳನೆಯ ಶತಮಾನದ ಒಂದು ಪುಟ್ಟ ಮಂಟಪವನ್ನು ಅದರ ರೆಕ್ಕೆಗಳಿಂದ ಅಲಂಕರಿಸಿದ್ದರು. ಇಂದು ಅವುಗಳಲ್ಲಿ ಬಹುಪಾಲು ಉದುರಿಹೋಗಿವೆ. ಅದರ ಮರಿ ಮರದೊಳಗೆ ವರ್ಷಗಟ್ಟಲೆ ಬೆಳೆಯತಕ್ಕದ್ದು. ಗೊಬ್ಬರದ ಡಬ್ಬಿಗೆ ಒಗ್ಗುವ ಹುಳು ಒಂದು, ಒಗ್ಗದ ಹುಳು ಇನ್ನೊಂದು. ಜೀರಂಗಿ ಎರಡನೆಯ ಪಂಗಡದ್ದು. ಅದಕ್ಕೆ ಬೇಕಾದ ಡಬ್ಬಿ ಒಂದು ಜಾಲಿಯ ಮರದ ಬೇರಿನಷ್ಟು ದೊಡ್ಡದು.

ಇಷ್ಟು ತಿಳಿದ ಮೇಲೂ ಒಮ್ಮೆ ಪರೀಕ್ಷಿಸದೆ ಇರಲಾರದೆ ಹೋದೆ. ಲಿಂಗಸುಗೂರಿನ ಬಾಡಿಗೆ ಮನೆಯ ಹಿತ್ತಿಲಿನಲ್ಲಿ ಒಡೆದ ಗುಡಾಣವೊಂದು ಇದ್ದಿತು. ಅದರ ತುಂಬ ಬೆಟ್ಟದ ಕೆಮ್ಮಣ್ಣು ತುಂಬಿ ಜಾಲಿಯ ಸಸಿಗಳನ್ನು ಬೆಳೆಸಿದೆ. 1984ರ ಮಳೆಗಾಲದಲ್ಲಿ ನನ್ನ ವಿದ್ಯಾರ್ಥಿಗಳು ತಂದ ಎರಡು ಜೀರಂಗಿಗಳನ್ನು, ಮೇಲೆ ಹಳೆಯ ಸೊಳ್ಳೆಪರದೆಯ ಬಟ್ಟೆ ಮುಚ್ಚಿ, ಅದರಲ್ಲಿ ಬಿಟ್ಟೆ. ಅವು ಎಲೆ ತಿಂದವು, ಬುಡದ ಮಣ್ಣಿನಲ್ಲಿ ಸುಳಿದಾಡಿದವು, ಕೆಲವು ದಿನಗಳಲ್ಲಿ ಸತ್ತವು. ಆಮೇಲೆ ನನಗೆ ಉಳಿದದ್ದು ಒಂದು ಗುಡಾಣ ಮಣ್ಣಿಗೆ ನೀರು ಹಾಕುವ ಕೆಲಸ. 1985ರ ಮುಂಗಾರು ಬಂತು, ಹೋಯಿತು, ಏನೂ ಕಾಣಲಿಲ್ಲ. ವಿದ್ಯಾರ್ಥಿಗಳು ಮರೆತರು. ಮನೆಯವಳು ಆ ಗುಡಾಣದಲ್ಲಿ ತುಳಸಿಯಾದರೂ ನೆಡಬಾರದೇ ಎಂದಳು. ಮಣ್ಣನ್ನು ಕೆದಕಿ ನೋಡುವ ಚಪಲ ಎಷ್ಟು ಸಲ ಬಂದಿತೋ ಲೆಕ್ಕವಿಲ್ಲ. ಕೆದಕಿದರೆ ಇದ್ದದ್ದೂ ಸತ್ತೀತು, ಕೆದಕದಿದ್ದರೆ ಇದೆಯೋ ಇಲ್ಲವೋ ತಿಳಿಯದು. ಸಾಕುವುದೆಂದರೆ ಇದೇ ಇರಬೇಕು ಎಂದು ಆ ದಿನಗಳಲ್ಲಿ ಅನಿಸುತ್ತಿತ್ತು. ನಮ್ಮ ನುಡಿಯಲ್ಲಿ ಪೋಷಿಸು ಎಂಬುದಕ್ಕೂ ಸಾಕು, ಇನ್ನು ಬೇಡ ಎಂಬುದಕ್ಕೂ ಸಾಕು. ಕೈ ಎಲ್ಲಿ ನಿಲ್ಲಬೇಕೆಂಬುದನ್ನು ತಿಳಿಯದವನು ಯಾವುದನ್ನೂ ಸಾಕಲಾರನು.

1986ರ ಮಳೆಗಾಲದ ಒಂದು ಬೆಳಗ್ಗೆ ಗುಡಾಣದ ಮಣ್ಣಿನಲ್ಲಿ ಒಂದು ದುಂಡಗಿನ ತೂತು ಕಂಡೆ. ಕಿರುಬೆರಳು ಇಳಿಯುವಷ್ಟು ಅಗಲ. ಮೇಲಿನ ಬಟ್ಟೆ ಎಂದೋ ಗಾಳಿಗೆ ಹರಿದುಹೋಗಿದ್ದಿತು. ಜಾಲಿಯ ಒಂದು ಎಳೆಯ ಕಡ್ಡಿಯಲ್ಲಿ ಎಲೆಗಳನ್ನು ಯಾರೋ ಕಚ್ಚಿದ ಗುರುತು. ಹುಳು ಇರಲಿಲ್ಲ. ಅದು ಜೀರಂಗಿಯೇ ಆಗಿದ್ದಿತೆಂದು ಪ್ರಮಾಣ ಮಾಡಿ ಹೇಳಲಾರೆ. ವಿಜ್ಞಾನದ ಪುಸ್ತಕದಲ್ಲಿ ದಾಖಲಿಸಲು ಇಷ್ಟು ಪುರಾವೆ ಸಾಲದು. ಮನೆಯೊಳಗೆ ಓಡಿಹೋಗಿ ಮನೆಯವಳನ್ನು ಕರೆದು ತೋರಿಸಲು ಸಾಕಾಗಿತ್ತು. ಅಷ್ಟು ವರ್ಷಗಳಲ್ಲಿ ನಾನು ಸಾಕಿದ ಜೀರಂಗಿಯೆಂದರೆ ಅದೊಂದೇ. ಅದನ್ನು ನಾನು ಕಾಣಲಿಲ್ಲ.

ಇಂದು ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ನೋಡಿದರೆ ಮೊದಲು ಕಣ್ಣು ಹಾಯುವಷ್ಟು ದೂರವೂ ಭತ್ತದ ಹಸಿರು; ಮಸ್ಕಿಯನ್ನು ದಾಟಿದ ಮೇಲೆ ಕಲ್ಲು, ಗುಡ್ಡ, ಮಳೆಯಾಧಾರದ ಹೊಲ. ರಸ್ತೆಯ ಬದಿಯಲ್ಲೂ ಹಳ್ಳದ ದಂಡೆಯಲ್ಲೂ ದಟ್ಟವಾಗಿ ನಿಂತಿರುವುದು ಬಳ್ಳಾರಿ ಜಾಲಿ. ಅದು ಹೆಸರಿಗೆ ಮಾತ್ರ ಬಳ್ಳಾರಿಯದು; ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಗಿಡ. ನಮ್ಮ ಕರಿಜಾಲಿಯನ್ನು ಹುಡುಕಿ ನೋಡಬೇಕು. ನನ್ನ ಬಾಲ್ಯದಲ್ಲಿ ಲಿಂಗಸುಗೂರು ತಾಲ್ಲೂಕಿನಲ್ಲಿದ್ದ ಮಸ್ಕಿ ಇಂದು ತಾನೇ ಒಂದು ತಾಲ್ಲೂಕು. ಅಶೋಕನ ಬಂಡೆಗೆ ಕಾವಲಿದೆ, ಕಟಕಟೆಯಿದೆ, ಅದು ಆಗಬೇಕಾದದ್ದೇ. ದೊಡ್ಡವರಿಗೆ ಮಾತ್ರ ಎಟುಕುವ ಫಲವೆಂದು ತಿಳಿಯಬೇಡಿ, ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಅದು ದೊರಕೀತು ಎಂಬ ಆಶಯವನ್ನು ಆ ಬಂಡೆ ಸಾರುತ್ತದೆ. ಅದೇ ಅರಸನು ಮುಂದೆ ತನ್ನ ಸ್ತಂಭಶಾಸನವೊಂದರಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿಯನ್ನು ಬರೆಸಿದನು. ಗಿಳಿ, ಬಾವಲಿ, ಆಮೆಗಳ ಜೊತೆಗೆ ಇರುವೆಯ ಹೆಸರೂ ಅದರಲ್ಲಿದೆ. ನನಗೆ ಅದರಲ್ಲಿ ಹಿರಿದಾಗಿ ತೋರುವುದು ಪಟ್ಟಿಯ ಮುಂದಿನ ಮಾತು: ಜೀವಿಗಳಿರುವ ಹೊಟ್ಟನ್ನು ಸುಡಬಾರದು, ಕಾಡನ್ನು ವೃಥಾ ಸುಡಬಾರದು. ಪ್ರಾಣಿಯನ್ನು ಉಳಿಸಬೇಕಾದರೆ ಅದಿರುವ ಎಡೆಯನ್ನು ಉಳಿಸಬೇಕೆಂಬುದನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ದೊರೆ ಕಂಡುಕೊಂಡಿದ್ದನು.

ಕಳೆದ ಮುಂಗಾರಿನಲ್ಲಿ ಮೊಮ್ಮಗಳನ್ನು ಕರೆದುಕೊಂಡು ಮಸ್ಕಿಗೆ ಹೋಗಿದ್ದೆ. ಸೋದರಮಾವನ ಹೊಲದ ಅಂಚಿನಲ್ಲಿ ಎರಡು ಕರಿಜಾಲಿಯ ಮರಗಳು ಇನ್ನೂ ಇವೆ. ಅವುಗಳಲ್ಲೊಂದರ ಮೇಲೆ, ಬಹಳ ಹೊತ್ತು ಹುಡುಕಿದ ಮೇಲೆ, ಜೀರಂಗಿ ಕಂಡಿತು. ಮೊಮ್ಮಗಳು ಕೊಂಬೆ ಮುಟ್ಟಿದಳೋ ಇಲ್ಲವೋ, ಕಾಲು ಮಡಚಿ ಅವಳ ಅಂಗೈಗೇ ಬಿದ್ದಿತು. “ಸತ್ತುಹೋಯಿತಾ ಅಜ್ಜ?” ಎಂದಳು. “ಕಾಯಿ, ಅವಸರ ಮಾಡಬೇಡ” ಎಂದೆ. ಒಂದು ನಿಮಿಷ ಕಳೆದು ಒಂದು ಮೀಸೆ ಹೊರಗೆ ಬಂತು, ಆಮೇಲೆ ಒಂದು ಕಾಲು. ಮನೆಗೆ ಒಯ್ಯೋಣವೇ ಎಂದು ಅವಳು ಕೇಳಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಕೇಳಿದಳು, ಮೂರು ಸಲ ಕೇಳಿದಳು. ಅಜ್ಜಿಯ ಮಾತನ್ನು ಅವಳಿಗೆ ಹೇಳಿದೆ. ಪೂ‍ರ್ಣವಾಗಿ ಒಪ್ಪದೆಯೇ ಅದನ್ನು ಮತ್ತೆ ಕೊಂಬೆಯ ಮೇಲೆ ಬಿಟ್ಟಳು.

ಸೋದರಮಾವನ ಮೊಮ್ಮಗ ಅಲ್ಲಿಯೇ ನಿಂತಿದ್ದ. ಈ ಬೇಸಿಗೆಯಲ್ಲಿ ಬದುವನ್ನು ಒಡೆಸಿ ನೆಲ ಸಮ ಮಾಡಿಸುವ ವಿಚಾರ ಅವನದು. ಎರಡು ಮರಗಳನ್ನು ಉಳಿಸಬಾರದೇ ಎಂದು ಕೇಳಿದೆ. “ಆ ನೆಳ್ಳಾಗ ಬೆಳಿ ಬರಂಗಿಲ್ಲ ಅಜ್ಜಾ, ಮಗಳನ್ನ ಕಾಲೇಜಿಗೆ ಹಾಕಬೇಕು” ಎಂದ. ಹನ್ನೊಂದು ಜಾಲಿಯ ಮರಗಳ ಬೆಲೆಯಲ್ಲಿ ಓದಿ ಉಪಾಧ್ಯಾಯನಾದವನು ಈ ಮಾತಿಗೆ ಯಾವ ಬಾಯಿಂದ ಎದುರಾಡಲಿ? ಆ ಎರಡು ಮರಗಳ ನೆರಳಿನಿಂದ ವರ್ಷಕ್ಕೆ ಎಷ್ಟು ಭತ್ತ ಕಡಮೆಯಾಗುವುದೋ ಅದರ ಬೆಲೆಯನ್ನು ನನ್ನ ವಿಶ್ರಾಂತಿವೇತನದಿಂದ ಕೊಡುವುದಾಗಿ ಹೇಳಿದೆ. ಅವನು ನಕ್ಕ, ನೋಡೋಣ ಎಂದ. ಇಲ್ಲವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಆ ಮರಗಳ ಬುಡದ ಮಣ್ಣಿನಲ್ಲಿ ಈ ಹೊತ್ತು ಎಷ್ಟು ಬಿಳಿಯ ಹುಳುಗಳು ಕತ್ತಲಲ್ಲಿ ಬೇರು ಮೆಲ್ಲುತ್ತಿವೆಯೋ ಬಲ್ಲವರಾರು? ಬರುವ ಮುಂಗಾರಿಗೆ ಮತ್ತೊಮ್ಮೆ ಮಸ್ಕಿಗೆ ಹೋಗಿ ನೋಡಬೇಕು.